ಐದು ಪ್ರಾಣಕ್ಕೆ ಎಂಬತ್ತೊಂಬತ್ತು ರೂಪಾಯಿ

ಶುಕ್ರವಾರ ದೀಪ ಹಚ್ಚಿದ ಮೇಲೆ ನಮ್ಮನೆಯಿಂದ ದುಡ್ಡು ಹೊರಗೆ ಹೋಗಂಗಿಲ್ಲ ಕಣ್ರಪ್ಪಾ. ಅದಕ್ಕೇ ಇವತ್ತು ಶೇಂಗಾ ಬಿಡಿಸಿದ ತಿಪ್ಪಕ್ಕ ಮುಸ್ಸಂಜೇಲಿ ಕೂಲಿ ಕೇಳಿದ್ರೆ "ನಾಳೆ ಬಾರೆ" ಅಂದೆ. "ಬೆಳಿಗ್ಗೆ ರಾಂಪುರಕ್ಕೆ ಮಗಳನ್ನ ನೋಡಾಕೆ ಹೋಗ್ಬೇಕ್ರವ್ವ, ಬಸ್ಸಿಗೂ ದುಡ್ಡಿಲ್ಲ" ಅಂತ ಬಾಗಿಲಲ್ಲೇ ನಿಂತ್ಲು.

ಅಷ್ಟರಲ್ಲಿ ಒಳಗೆ ನಮ್ಮ ಯಜಮಾನರ ಫೋನು ಟಣ್ ಅಂತು. ನೋಡಿದ್ರೆ ಬ್ಯಾಂಕ್ ಖಾತೆಯಿಂದ ಎಂಬತ್ತೊಂಬತ್ತು ರೂಪಾಯಿ ಹೋಗಿತ್ತು.

"ಫೋನಿನ ಮಿಠಾಯಿ ಆಟದಾಗೆ ನನ್ನ ಪ್ರಾಣ ಮುಗಿದಿತ್ತು ಕಣೆ, ಐದು ಪ್ರಾಣ ಕೊಂಡೆ" ಅಂದ್ರು.

"ಫ್ರೀ ಆಟ ಅಂದಿದ್ರಲ್ರಿ?"

"ಆಟ ಫ್ರೀನೇ, ಪ್ರಾಣಕ್ಕೆ ಮಾತ್ರ ದುಡ್ಡು."

"ಶುಕ್ರವಾರ ಅನ್ನೋದೂ ಮರೆತ್ರಾ?"

"ಫೋನಿನ ದುಡ್ಡು ಹೊಸಿಲು ದಾಟಲ್ಲ ಬಿಡೆ."

ತಿಪ್ಪಕ್ಕ ಬಾಗಿಲಿಂದ್ಲೇ, "ಹಂಗಾದ್ರೆ ನನ್ನ ಕೂಲೀನೂ ಫೋನಿಗೇ ಹಾಕ್ರವ್ವ" ಅಂದ್ಲು.

ಹಾಕಿದೆ. ಆಮೇಲೆ ಲಕ್ಷ್ಮಿಗೆ ಕೈಮುಗಿದು, "ತಾಯಿ, ಹೋಗೋದಾದ್ರೆ ತಿಪ್ಪಕ್ಕನ ಮನೆಗೆ ಹೋಗು, ಆ ಮಿಠಾಯಿ ಆಟಕ್ಕೆ ಮಾತ್ರ ಹೋಗ್ಬೇಡ" ಅಂದೆ.