ಹಣ್ಣು ಕೀಳಲು ಹೋದವರ ಕೈಗೆ ಹುಳ

ಅಂಗೈ ಮೇಲೆ ಹುಳ ಬಿತ್ತು. ನನ್ನ ಕಿರುಬೆರಳಿನಷ್ಟು ದಪ್ಪ, ತಣ್ಣಗೆ, ಮೆತ್ತಗೆ. ತಲೆಯೆತ್ತಿ ಅತ್ತಿತ್ತ ಆಡಿಸಿತು. ವಿಜಯಪುರದಲ್ಲಿ ಕೂತು ಇದನ್ನು ಓದುತ್ತಿರುವ ನನ್ನ ಜನರೇ, ಊಟಕ್ಕೆ ಕೂತಿದ್ದರೆ ಮೊದಲು ಅದನ್ನು ಮುಗಿಸಿಕೊಂಡು ಬನ್ನಿ.

ಶಾಲೆಯ ಕೆಲಸಕ್ಕೆಂದು ಮದ್ದೂರಿಗೆ ಬಂದು ಎಂಟು ತಿಂಗಳಾಯಿತು. ಮುದ್ದೆಯನ್ನು ಅಗಿಯದೆ ನುಂಗುವುದನ್ನು ಕಲಿತಿದ್ದೇನೆ. ನಮ್ಮಲ್ಲಿ ಬೈಯುವಾಗಲೂ ‘ರೀ’ ಇರುತ್ತದೆ, ಇಲ್ಲಿ ಪ್ರೀತಿ ಮಾಡುವಾಗಲೂ ಇಲ್ಲ. ಅದಕ್ಕೂ ಒಗ್ಗಿಕೊಂಡೆ. ರೊಟ್ಟಿಯಿಲ್ಲದ ಸಂಜೆಗಳಿಗೆ ಮಾತ್ರ ಇನ್ನೂ ಒಗ್ಗಿಲ್ಲ.

ಮನೆ ಓನರ್ ಜಯಮ್ಮನ ತಮ್ಮನದು ಮಳವಳ್ಳಿ ಹತ್ತಿರ ಹಿಪ್ಪುನೇರಳೆ ತೋಟ. ಸೊಪ್ಪು ರೇಷ್ಮೆ ಹುಳಕ್ಕೆ. ಒಂದು ಸಾಲು ಮರಗಳನ್ನು ಹಣ್ಣಿಗೆಂದೇ ಬಿಟ್ಟಿದ್ದಾರೆ. ಬಂದವರು ತಾವೇ ಕಿತ್ತು ತಿನ್ನಬಹುದು, ಡಬ್ಬಿಗೂ ತುಂಬಿಕೊಳ್ಳಬಹುದು. ನಮ್ಮೂರ ದ್ರಾಕ್ಷಿ ತೋಟಗಳಲ್ಲಿ ಗೊಂಚಲು ಮುಟ್ಟಿದರೆ ಗದರುತ್ತಾರೆ. ಇಲ್ಲಿ ಕರೆದು ಕೀಳಿಸುತ್ತಾರೆಂದು ನಾನು, ನನ್ನವರು, ನಾವು ಅಕ್ಕಿ ಎಂದು ಕರೆಯುವ ಆರು ವರ್ಷದ ಮಗಳು ಭಾನುವಾರ ಜಯಮ್ಮನ ಜೊತೆ ಹೊರಟೆವು.

ಹೋದರೆ ತೋಟದಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಎಲ್ಲರೂ ಹುಳದ ಮನೆಯಲ್ಲಿದ್ದರು.

“ಉಳ ಗೂಡ್ಗೆ ಬಂದವೆ ಕಣಮ್ಮ,” ಅಂದರು ಜಯಮ್ಮ, ಸೆರಗು ಸಿಕ್ಕಿಸುತ್ತಾ. “ಇವತ್ತು ಬುಟ್ರೆ ಕಂಡಕಂಡಲ್ಲಿ ನೂಲು ಬುಟ್ಟು ಆಳಾಗೋಯ್ತವೆ. ಅಣ್ಣು ನಾಳೀಕೂ ಇರ್ತದೆ. ಬಾ, ಕೈ ಆಕು.”

ಆ ದಿನ ಹೊಸ್ತಿಲಿಗೆ ಬಂದವರು ನೆಂಟರಾದರೂ ಅತಿಥಿಗಳಾದರೂ ಕೂರುವಂತಿಲ್ಲವಂತೆ. ಹುಳಗಳನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಅಂದರೆ ಚಂದ್ರಂಕಿಗೆ, ಬಿಡಬೇಕು. ಒಳಗೆ ಕಾಲಿಟ್ಟೆ. ಕೊಳೆತ ಸೊಪ್ಪು, ಹಿಕ್ಕೆ, ಸುಣ್ಣ, ಬೆವರು ಎಲ್ಲ ಬೆರೆತ ವಾಸನೆ ಗಂಟಲಿಗೇ ಇಳಿಯಿತು. ಸಾವಿರಾರು ಹುಳಗಳು ಹೊರಳುವ ಸದ್ದು ಕಿವಿಗೆ ಕೇಳುತ್ತಿತ್ತು. ಛೀ ಅಂದೆ, ಮತ್ತೆ ಛೀ ಅಂದೆ. ಅಕ್ಕಿ ಮಾತ್ರ ಬಾಗಿಲಲ್ಲಿ ನಿಂತು ಕುಣಿಯುತ್ತಿದ್ದಳು. ಉಸಿರು ಬಿಗಿ ಹಿಡಿದು ಒಂದು ತಟ್ಟೆಗಾಗುವಷ್ಟು ಹುಳ ಎತ್ತಿ ಹಾಕಿದೆ.

ಜಯಮ್ಮ ಪಕ್ಕಕ್ಕೆ ಬಂದವರು ಮೂಗು ಅರಳಿಸಿದರು. “ಏನಮ್ಮಿ ಇದು ವಾಸ್ನೆ? ಕೈಗೇನ್ ಬಳ್ಕಂಡಿದ್ದೀ?”

“ಸೊಳ್ಳಿ ಕಡೀಬಾರದಂತ ಕ್ರೀಮ್ ಹಚ್ಚೀನ್ರಿ.”

“ಅಯ್ಯೋ ನಿನ್ಮನೆ ಕಾಯ್ವಾಗ! ಸೊಳ್ಳೆಗಾಗದ್ದು ಉಳಕ್ಕಾಯ್ತದಾ? ಆಚೆ ನಡಿ!”

ಒಂದು ತಿಂಗಳು ಹಗಲೂ ರಾತ್ರಿ ಸೊಪ್ಪು ಹಾಕಿ ಸಾಕಿದ ಹುಳ ಅದು. ನಾನು ತುಂಬಿದ ತಟ್ಟೆಯನ್ನು ಜಯಮ್ಮನ ತಮ್ಮ ಬೇರೆ ಮೂಲೆಗೆ ಒಯ್ದಿಟ್ಟ. ನಾಚಿಕೆಯಿಂದ ಕುಗ್ಗಿಹೋದೆ. ಅಕ್ಕಿ ಅಪ್ಪನ ಜೊತೆ ಹೋಗಿ ಡಬ್ಬಿ ತುಂಬ ಹಣ್ಣು ತಂದಳು. ನಾನು ಒಂದನ್ನೂ ಬಾಯಿಗಿಡಲಿಲ್ಲ. ಹಣ್ಣಿಗೂ ಹುಳದ ಆಕಾರವೇ ಇತ್ತು.

ಆಮೇಲೆ ಮೂರು ದಿನ ನನ್ನ ತಲೆಯಲ್ಲಿ ಆ ತಟ್ಟೆಯೊಂದೇ. ಅಸಹ್ಯಪಟ್ಟ ಹುಳಗಳೇ ಸಾಯದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ನಾಲ್ಕನೆಯ ದಿನ ಬೆಳಿಗ್ಗೆ ಜಯಮ್ಮ ಬಾಗಿಲು ತಟ್ಟಿ ಒಂದು ಹಳದಿ ಗೂಡನ್ನು ನನ್ನ ಕೈಗಿಟ್ಟರು.

“ನೀ ಮುಟ್ಟಿದ್ವು ಕಾಲ್ವಾಸಿ ಸತ್ತೋದ್ವು. ಮಿಕ್ಕವು ಕಟ್ಟವೆ. ಮುಂದಿನ್ ಸಲ ಬರೀಗೈಲಿ ಬಾ.”

ಮುಂದಿನ ಸಲ! ನನಗೆ ಅಳು ಬಂತು.

ಅಂದೇ ಸಂಜೆ ಅವ್ವನ ಫೋನ್ ಬಂತು. ಎಲ್ಲ ಹೇಳಿಬಿಟ್ಟೆ.

“ಛೀ! ಹುಳಾ ಮುಟ್ಟೀದಿ? ಅಂಥಾ ಹೊಲಸ ಊರಾಗ ಎಷ್ಟ ದಿನಾ ಇರ್ತಿ? ವರ್ಗಾ ಮಾಡಿಸ್ಕೊಂಡ ಬಂದ್ಬಿಡು.”

ಭಾನುವಾರ ನಾನೇ ಅಂದ ಛೀ ಅದು. ಅವ್ವನ ಬಾಯಲ್ಲಿ ಕೇಳಿದಾಗ ಮೈ ಉರಿಯಿತು.

“ಹೊಲಸ ಅನ್ನಬ್ಯಾಡವ್ವಾ. ಅವರ ಅನ್ನ ಐತದು,” ಅಂದೆ.

ಫೋನಿಟ್ಟೆ. ಗೂಡನ್ನು ಕಿಟಕಿಯಲ್ಲಿಟ್ಟು, ಸೋಪು ಹಚ್ಚಿ ಮತ್ತೊಮ್ಮೆ ಕೈ ತೊಳೆದೆ.