ಎದುರು ಮನೆಯ ನಕ್ಷೆಗಾರ

ನಿರಂಜನ ಬೆಳಗ್ಗೆ ಎದ್ದವನೇ ಬಿಳಿ ಜುಬ್ಬಾದ ತೋಳಿಗೆ ತಾನೇ ಒಂದಿಷ್ಟು ಮಸಿ ಬಳಿದುಕೊಳ್ಳುತ್ತಿದ್ದ. ನನ್ನ ಕಣ್ಣಾರೆ ನೋಡಿದ್ದೇನೆ. ಕೆಲಸ ಶುರುವಾಗುವ ಮೊದಲೇ ಕೆಲಸದ ಗುರುತು!

ಯಲಹಂಕದಲ್ಲಿ ನಮ್ಮ ಎದುರು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ. ಇಲ್ಲದ ಊರುಗಳ ನಕ್ಷೆ ಬರೆಯುವುದು ಅವನ ಕಸುಬು. ಕಾಗದವನ್ನು ಕಾಫಿ ಡಿಕಾಕ್ಷನ್‌ನಲ್ಲಿ ಅದ್ದಿ, ಟೆರೇಸಿನ ಮೇಲೆ ಒಣಹಾಕಿ, ಹಳೆಯದಾಗಿ ಕಾಣುವಂತೆ ಮಾಡಿ ಅದರ ಮೇಲೆ ಬೀದಿ, ಕೆರೆ, ಕೋಟೆ ಬಿಡಿಸುತ್ತಿದ್ದ. "ನಾನು ನಕ್ಷೆ ಬರೆಯಲ್ಲ ಗುರು, ನಕ್ಷೆ ನನ್ನ ಬರೆಯುತ್ತೆ" ಅನ್ನುತ್ತಿದ್ದ. ಇಂಥ ಮಾತಾಡುವ ಮಹಾಶಯ ಯಶವಂತಪುರಕ್ಕೆ ಹೊರಟರೆ, ಫೋನು ಹೇಳಿದ ಕಡೆಯೆಲ್ಲ ತಿರುಗಿ ಯಾರದೋ ಅಪಾರ್ಟ್‌ಮೆಂಟಿನ ಗೇಟಿನೆದುರು ನಿಂತಿರುತ್ತಿದ್ದ.

ನಮ್ಮಮ್ಮ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವ ಹೊತ್ತಿಗೆ ಸರಿಯಾಗಿ ಅವನು ಬಾಲ್ಕನಿಯಲ್ಲಿ ಹಾಜರ್. ಚುಕ್ಕಿ ಇಡುವುದರಿಂದ ಹಿಡಿದು ಕೊನೆಯ ಎಳೆ ಕೂಡುವ ತನಕ ನೋಡಿ ನೋಡಿ ಗೀಚಿಕೊಳ್ಳುತ್ತಿದ್ದ. ಆಮೇಲೆ ಕೆಳಗಿಳಿದು ಬಂದು ನಮ್ಮನೆಯಲ್ಲೇ ಕಾಫಿ. ಸಕ್ಕರೆ ಕಡಿಮೆಯಾಯಿತು ಅನ್ನುವಷ್ಟು ಸಲಿಗೆ ಬೇರೆ.

"ಅಮ್ಮಾ, ಇದು ರಂಗೋಲಿ ಅಲ್ಲ, ಒಂದು ಊರು! ಎಕ್ಸಿಬಿಷನ್‌ನಲ್ಲಿ ಗೋಡೆ ಮೇಲೆ ನನ್ನ ಹೆಸರಿನ ಪಕ್ಕ ನಿಮ್ಮ ಹೆಸರು. ಇದು ನನ್ನ ಮಾತು."

ಅಮ್ಮ ನಾಚಿಕೊಂಡರು. ಆದರೂ ಆಸೆಪಟ್ಟರು. ನಮ್ಮ ಗೇಟಿನ ಮೇಲೆ ಇವತ್ತಿಗೂ ಇರುವುದು ತೀರಿಹೋದ ಅಪ್ಪನ ಹೆಸರೇ. ಜಾನಕಮ್ಮ ಅಂತ ಒಂದು ಗೋಡೆಯ ಮೇಲೆ ಬರುತ್ತದೆ ಅಂದರೆ ಯಾರಿಗೆ ಬೇಡ? ಅಕ್ಕಪಕ್ಕದ ಮನೆಗಳಿಗೆಲ್ಲ ಹೇಳಿ ಬಂದರು.

ಹೆಬ್ಬಾಳದ ಹತ್ತಿರದ ಒಂದು ಗ್ಯಾಲರಿಯಲ್ಲಿ ಪ್ರದರ್ಶನ. ಅಮ್ಮ ರೇಷ್ಮೆ ಸೀರೆ ಉಟ್ಟು ಬಂದರು. ನೋಡಿದರೆ ಗೋಡೆ ತುಂಬ ಅವರ ರಂಗೋಲಿಗಳೇ. ಎಳೆಗಳೆಲ್ಲ ಬೀದಿಗಳಾಗಿದ್ದವು, ನಡುವಿನ ಕಮಲ ಕೆರೆಯಾಗಿತ್ತು. ಹೆಸರು ಮಾತ್ರ ಅವನೊಬ್ಬನದೇ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ! ಅಮ್ಮ ಕನ್ನಡಕ ಒರೆಸಿಕೊಂಡು ಎಲ್ಲ ಗೋಡೆಗಳನ್ನೂ ಮತ್ತೊಮ್ಮೆ ನೋಡಿದರು.

ಜನ ಗುಂಪುಗೂಡಿದ್ದು ಒಂದು ಖಾಲಿ ಕಾಗದದ ಮುಂದೆ. ಕಂದು ಹಾಳೆ, ನಡುವೆ ನೀರು ಚೆಲ್ಲಿದ ಹಾಗೆ ಒಂದು ಗುರುತು, ಅಷ್ಟೇ. ಕೆಳಗೆ 'ನಗರ ಇನ್ನೂ ಹುಟ್ಟದ ಬೆಳಗು' ಎಂಬ ಶೀರ್ಷಿಕೆ. ನಿರಂಜನ ಕಣ್ಣು ಮುಚ್ಚಿಕೊಂಡು ವಿವರಿಸುತ್ತಿದ್ದ: "ಇದನ್ನ ಮಾಡುವಾಗ ತುಂಬಾ ನೋವು ತಿಂದೆ. ಈ ಶೂನ್ಯ ನನ್ನ ಒಳಗಿಂದ ಬಂತು."

ಅಮ್ಮ ಗುಂಪು ಸರಿಸಿಕೊಂಡು ಮುಂದೆ ಹೋದರು. "ಒಳಗಿಂದ ಎಲ್ಲಪ್ಪಾ ಬಂತು? ಅವತ್ತು ನಮ್ಮನೆಯವರ ತಿಥಿ ಕಣೋ. ತಿಥಿ ದಿನ ಬೆಳಗ್ಗೆ ಬಾಗ್ಲಿಗೆ ರಂಗೋಲಿ ಹಾಕಲ್ಲ. ಬರೀ ನೀರು ಹಾಕಿ ಒಳಗ್ ಹೋಗಿದ್ದೆ."

ಆಗಲಾದರೂ ಆ ಮನುಷ್ಯ ಒಂದು ಒಳ್ಳೆಯ ಮಾತು ಆಡಬಹುದಿತ್ತು. "ಇವ್ರು ನಮ್ಮ ಎದುರುಮನೆ ಆಂಟಿ, ನನ್ನ ದೊಡ್ಡ ಫ್ಯಾನ್" ಎಂದು ಹಲ್ಲುಬಿಟ್ಟು, ಅಮ್ಮನ ಕೈಗೊಂದು ಜ್ಯೂಸಿನ ಲೋಟ ತುರುಕಿ, ಜನರನ್ನು ಮುಂದಿನ ಚಿತ್ರಕ್ಕೆ ಕರೆದುಕೊಂಡು ಹೋದ. ಥೂ, ಅವನ ಜನ್ಮಕ್ಕಿಷ್ಟು! ಅಪ್ಪನ ಸಾವನ್ನೂ ಬಿಡಲಿಲ್ಲವಲ್ಲ. ಅಮ್ಮ ಲೋಟವನ್ನು ಮುಟ್ಟದೆ ಪಕ್ಕಕ್ಕಿಟ್ಟು "ನಡಿ, ಮನೆಗೆ ಹೋಗೋಣ" ಅಂದರು.

ಮಾರನೆಯ ಬೆಳಗ್ಗೆ ಮತ್ತೆ ರಂಗೋಲಿ ಡಬ್ಬಿ ಹಿಡಿದು ಹೊರಟ ಅಮ್ಮನಿಗೆ, "ಹಾಕ್ಬೇಡಿ, ಮೇಲಿಂದ ನೋಡ್ತಾನೆ" ಅಂದೆ. "ನಾನೇನು ಅವನಿಗೋಸ್ಕರ ಹಾಕ್ತಿದ್ನಾ?" ಎಂದು ನನಗೇ ಗದರಿದರು.

ಆ ಮಳೆಗಾಲಕ್ಕೆ ಮುಂಚೆ ಅವನು ದೇವನಹಳ್ಳಿ ಕಡೆಯ ಹೊಸ ಲೇಔಟಿಗೆ ಮನೆ ಬದಲಾಯಿಸಿದ. ಹೊರಡುವ ದಿನ ಸ್ವೀಟ್ ಬಾಕ್ಸ್ ಹಿಡಿದು ಬಂದು ಅಮ್ಮನ ಕಾಲಿಗೆ ಬಿದ್ದ. ಜೊತೆಗೆ ಬಂದ ಗೆಳೆಯ ಅದನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳುತ್ತಿದ್ದ.

"ಹೊಸ ಸೀರೀಸ್ ಶುರು ಮಾಡ್ತಿದ್ದೀನಮ್ಮಾ, ಆಶೀರ್ವಾದ ಮಾಡಿ."

"ಒಳ್ಳೇದಾಗ್ಲಿ. ಹೊಸ ಮನೆ ಎದುರುಗಡೆ ಯಾರಿದ್ದಾರಪ್ಪಾ?"

"ಯಾರೂ ಇಲ್ಲಮ್ಮಾ, ಖಾಲಿ ಸೈಟು."

ಅಮ್ಮ ನಿಜವಾಗಿಯೂ ಮರುಗಿದರು. "ಅಯ್ಯೋ ಪಾಪ! ಹಾಗಾದ್ರೆ ಇನ್ಮೇಲೆ ಏನ್ ಬರೀತೀಯೋ?"