ಅಜ್ಜನ ಕೋಟಿನ ಒಳಜೇಬು

ನಮ್ಮ ಮನೆಯಲ್ಲಿ ದೇವರ ಪೆಟ್ಟಿಗೆಗಿಂತ ಹೆಚ್ಚು ಜೋಪಾನವಾಗಿದ್ದದ್ದು ಅಪ್ಪನ ಕರಿ ಉಣ್ಣೆ ಕೋಟು. ಅಪ್ಪನದು ಅನ್ನುವುದು ಬಾಯಿಮಾತಿಗೆ. ನಿಜವಾಗಿ ಅದು ಅಮ್ಮನ ಅಪ್ಪನದು. ಹೊಸನಗರದ ಕಡೆ ಅಮ್ಮನ ತವರುಮನೆ, ಗದ್ದೆ, ಬಾವಿ ಎಲ್ಲ ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಿದ ಮೇಲೆ ಅಜ್ಜ ಸಾಗರದ ಹತ್ತಿರ ಹೋಗಿ ನೆಲೆಸಿದ. ಹೊಸ ಜಾಗ ಅವನಿಗೆ ಒಗ್ಗಲಿಲ್ಲ, ವರ್ಷ ತುಂಬುವುದರೊಳಗೆ ತೀರಿಕೊಂಡ. ಹೋಗುವ ಮೊದಲು, ಮೇಷ್ಟ್ರಾದವನಿಗೆ ಕೋಟು ಬೇಕು ಎಂದು ಅದನ್ನು ಅಳಿಯನಿಗೆ ಕೊಟ್ಟಿದ್ದ. ಅಮ್ಮನಿಗೆ ತವರು ಅಂತ ಉಳಿದದ್ದು ಅಷ್ಟೇ.

ತೀರ್ಥಹಳ್ಳಿಯ ಹವೆ ಉಣ್ಣೆಗೆ ಆಗಿಬರುವಂಥದ್ದಲ್ಲ. ಹುಳ ಹಿಡಿಯದಂತೆ ಟ್ರಂಕಿನಲ್ಲಿ ಲಕ್ಕಿಸೊಪ್ಪು ಹಾಸಿ ಇಟ್ಟರೂ ದೀಪಾವಳಿಗೆ ತೆಗೆಯುವಾಗ ಕೋಟಿಗೆ ಬೂಸ್ಟು ಹಿಡಿದಿರುತ್ತಿತ್ತು. ಅಮ್ಮ ಅದನ್ನು ನೆರಳಲ್ಲಿ ಗಾಳಿಗೆ ಹಾಕಿ, ಬೆತ್ತದಿಂದ ಮೆಲ್ಲಗೆ ತಟ್ಟಿ, ಬ್ರಶ್ ಮಾಡುತ್ತಿದ್ದಳು. ಕಾಲರಿನ ಜಿಡ್ಡಿಗೆ ತೌಡು ಬಿಸಿ ಮಾಡಿ ಉಜ್ಜಿ ಕೊಡವುವುದು. ತೋಳಿನ ಕೊಳೆಗೆ ಅಂಟುವಾಳದ ನೊರೆ, ಅದೂ ತಣ್ಣೀರಲ್ಲಿ. ಬಿಸಿನೀರು ಬಿದ್ದರೆ ಉಣ್ಣೆ ಮುದುಡಿಕೊಳ್ಳುತ್ತದೆ ಎಂದು ಬಿಸಿನೀರು ತರಹೊರಟ ನಮ್ಮನ್ನು ಬಚ್ಚಲಿನ ಹಾದಿಯಲ್ಲೇ ತಡೆದು ನಿಲ್ಲಿಸುತ್ತಿದ್ದಳು.

ಎಡಗಡೆಯ ಒಳಜೇಬನ್ನು ಮಾತ್ರ ಅವಳು ಒದ್ದೆ ಮಾಡುತ್ತಿರಲಿಲ್ಲ. ಅಜ್ಜ ನಶ್ಯದ ಡಬ್ಬಿ ಇಡುತ್ತಿದ್ದ ಜೇಬು ಅದು. ಆ ವಾಸನೆ ಇನ್ನೂ ಅದರೊಳಗೆ ಉಳಿದಿತ್ತು. ಯಾರೂ ಇಲ್ಲದಾಗ ಅಮ್ಮ ಜೇಬಿಗೆ ಮೂಗು ಇಟ್ಟು ನಿಲ್ಲುವುದನ್ನು ನಾನು ಕದ್ದು ನೋಡಿದ್ದೆ. ಒಂದು ಸೀನು ಬರುತ್ತಿತ್ತು, ಕಣ್ಣಲ್ಲಿ ನೀರೂ ಬರುತ್ತಿತ್ತು. ನೀರು ಬಂದದ್ದು ನಶ್ಯಕ್ಕೋ ಅಜ್ಜನಿಗೋ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಒಂದು ಪುಷ್ಯಮಾಸದ ಬೆಳಿಗ್ಗೆ ಅಪ್ಪ ಕೋಟು ಹಾಕಿಕೊಂಡು ಶಾಲೆಗೆ ಹೊರಟಿದ್ದ. ಪಕ್ಕದ ಕೇರಿಯ ನಿವೃತ್ತ ಮೇಷ್ಟ್ರು ಹೋಗಿಬಿಟ್ಟರೆಂದು ಕರೆ ಬಂತು. ಹಾಗೇ ಹೋದವನು ಚಟ್ಟಕ್ಕೂ ಹೆಗಲು ಕೊಟ್ಟ. ಮಧ್ಯಾಹ್ನ ತುಂಗೆಯಲ್ಲಿ ಮುಳುಗಿ ಬಂದಾಗ ಪಂಚೆ, ಅಂಗಿ ಎಲ್ಲ ತೊಟ್ಟಿಕ್ಕುತ್ತಿದ್ದವು. ಕೋಟನ್ನು ಮಾತ್ರ ದಡದಲ್ಲೇ ಕಳಚಿಟ್ಟಿದ್ದ, ಅದು ಒಣಗಿಯೇ ಇತ್ತು, ಹೆಣದ ಮೈಲಿಗೆಯೂ ಹೋಗಿರಲಿಲ್ಲ. ಸತ್ತ ಹಾವನ್ನು ಎತ್ತಿಕೊಂಡು ಬಂದವನ ಹಾಗೆ ಅದನ್ನು ಒಂದು ಕೋಲಿನ ತುದಿಗೆ ನೇತುಹಾಕಿಕೊಂಡು ಅಂಗಳದಲ್ಲೇ ನಿಂತ.

ಅಪ್ಪನ ತಾಯಿ, ನಮ್ಮ ಅಜ್ಜಿ, ಜಗಲಿಗೆ ಬಂದಳು. ಮಡಿಮೈಲಿಗೆಯಲ್ಲಿ ಅವಳು ಹೇಳಿದ್ದೇ ಕೊನೆ, ಅದರ ಮೇಲೆ ಅಪೀಲಿಲ್ಲ.

"ಇದನ್ನೆಂತಕ್ಕೆ ಒಣಾ ಇಟ್ಕಂಡು ಬಂದ್ಯೋ ಮಾಣಿ? ಹಂಡೇಲಿ ನೀರು ಕಾದಿದೆ. ಬೋಗುಣಿಗೆ ಹೊಯ್ಕಂಡು ಅದ್ದು. ಆಮೇಲೆ ಒಳಗೆ ಬಾ."

ಅತ್ತೆಯ ಎದುರು ದನಿ ಎತ್ತದ ಅಮ್ಮ ಅಡಿಗೆಮನೆಯಿಂದ ಓಡಿಬಂದಳು. "ಬ್ಯಾಡಿ ಅತ್ತೆ. ಅದನ್ನ ನೀರಿಗೆ ಹಾಕ್ಬ್ಯಾಡಿ. ಅಪ್ಪಯ್ಯಂದು ಎಲ್ಲಾ ನೀರಿಗೇ ಹೋಗಿದೆ. ಅದೊಂದು ಇರ್ಲಿ." ಅಷ್ಟು ಹೇಳಿ ಸೆರಗು ಬಾಯಿಗಿಟ್ಟುಕೊಂಡಳು. ನನಗೆ ಅಜ್ಜಿಯ ಮೇಲೆ ಕೆಟ್ಟ ಸಿಟ್ಟು ಬಂತು.

ಅಜ್ಜಿ ತಾನು ಉಟ್ಟ ಧಾವಳಿಯನ್ನೇ ನೋಡಿಕೊಂಡಳು. ಅಡಿಗೆಗೆ, ಪೂಜೆಗೆ ಅವಳು ಉಡುವ ಮಡಿಬಟ್ಟೆ ಅದು, ಉಣ್ಣೆಯದು.

"ಉಣ್ಣೆಗೆ ಮೈಲಿಗೆ ಎಲ್ಲಿಂದ ಬಂತು? ನಾನು ಧಾವಳೀನ ದಿನಾ ಒಗೀತೀನಾ? ಬಿಸಿಲು ಗಾಳಿ ಕಂಡ್ರೆ ಸಾಕು. ಆದ್ರೆ ಇದ್ರ ಅಸ್ತರು ಹತ್ತೀದು. ಅದು ನೀರು ಕಾಣ್ಲೇಬೇಕು. ಬ್ಲೇಡು ತಗಂಬಾ."

ಮುಟ್ಟಿದರೆ ಇನ್ನೊಮ್ಮೆ ಮೀಯಬೇಕೆಂದು ಗೊತ್ತಿದ್ದೂ ಅಜ್ಜಿ ಕೋಟನ್ನು ತೊಡೆಯ ಮೇಲೆ ಹಾಕಿಕೊಂಡು ಜಗಲಿಯಲ್ಲಿ ಕೂತಳು. ಒಳಗಿನ ಅಸ್ತರಿನ ಹೊಲಿಗೆಗಳನ್ನು ಬ್ಲೇಡಿನಿಂದ ಒಂದೊಂದಾಗಿ ಬಿಚ್ಚಿ, ಬಟ್ಟೆಯನ್ನು ಬೋಗುಣಿಗೆ ಎಸೆದಳು. ಕೊನೆಗೆ ಎಡಗಡೆಯ ಒಳಜೇಬೊಂದು ಉಳಿಯಿತು. ಅಮ್ಮ ಕಂಬಕ್ಕೆ ಒರಗಿ ನಿಂತಿದ್ದಳು, ಮುಖ ಬಿಳಿಚಿತ್ತು. ಜೇಬಿನ ವಿಷಯವನ್ನು ಅವಳು ಯಾರಿಗೂ ಹೇಳಿದವಳಲ್ಲ, ಈಗಲೂ ಹೇಳಲಿಲ್ಲ.

ಅಜ್ಜಿ ಜೇಬಿನೊಳಗೆ ಬೆರಳು ಹಾಕಿ ಬಟ್ಟೆಯನ್ನು ಉಜ್ಜಿ ನೋಡಿದಳು. ಬೆರಳನ್ನು ಮೂಗಿನ ಹತ್ತಿರ ತಂದಳು. ತಲೆ ಎತ್ತಿ ಅಮ್ಮನ ಮುಖ ನೋಡಿದಳು. ಬ್ಲೇಡು ಕೆಳಗಿಟ್ಟಳು.

"ಈ ಜೇಬು ಉಣ್ಣೇದು. ಇದಕ್ಕೆ ನೀರು ಬ್ಯಾಡ."

ಅದು ಬಿಳಿ ಹತ್ತಿಬಟ್ಟೆಯೆಂದು ನನಗೇ ಕಾಣುತ್ತಿತ್ತು. ಅಂಗಳದಲ್ಲಿ ನಡುಗುತ್ತಿದ್ದ ಅಪ್ಪ ಏನೋ ಹೇಳಲು ಬಾಯಿ ತೆರೆದ.

"ನೀ ಸುಮ್ನಿರು. ಬಟ್ಟೆ ವಿಷ್ಯ ನಿಂಗೆಂತ ಗೊತ್ತು? ಹೋಗಿ ಮೈ ಒರ್ಸ್ಕ," ಎಂದು ಅಜ್ಜಿ ಗದರಿದಳು.

ಬೆರಳ ತುದಿಯಲ್ಲೇ ಹತ್ತಿಯೋ ಉಣ್ಣೆಯೋ ಎಂದು ಹೇಳಬಲ್ಲವಳು, ಮೈಲಿಗೆಯ ಒಂದು ಎಳೆ ನೂಲು ತಾಗಿದ್ದಕ್ಕೂ ಮತ್ತೆ ಮಿಂದವಳು ಅವಳು. ಅವಳ ಬಾಯಿಂದ ಸುಳ್ಳು ಬಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅಲ್ಲಿಯವರೆಗೆ ನನಗೆ ಅಜ್ಜಿಯೆಂದರೆ ಹೆದರಿಕೆ ಮಾತ್ರ ಇತ್ತು.

ಅಮ್ಮ ಕೋಟನ್ನು ಹಗ್ಗದ ಮೇಲೆ ಹರವಿ, ಜೇಬಿಗೆ ಬಿಸಿಲು ತಾಗದ ಹಾಗೆ ಒಳಕ್ಕೆ ಮಡಚಿದಳು. ಅಜ್ಜಿ ಆಗಲೇ ಬಚ್ಚಲಿಗೆ ಹೋಗಿದ್ದಳು. ಯಾವತ್ತೂ ತಾನೇ ತೋಡಿಕೊಂಡು ಮೀಯುವವಳು ಅಂದು ಚೊಂಬನ್ನು ಸೊಸೆಯ ಕೈಗೆ ಕೊಟ್ಟು ಕೂತಳು. ಕೋಟು ಅದ್ದಲೆಂದು ಹೇಳಿದ್ದ ಹಂಡೆಯ ಆ ಬಿಸಿನೀರನ್ನು ಅಮ್ಮ ಅಳುತ್ತ, ಚೊಂಬು ಚೊಂಬಾಗಿ, ಅಜ್ಜಿಯ ಬೆನ್ನಿಗೆ ಹೊಯ್ದಳು.